ಆನ್‌ಲೈನ್ ಪಾಠ: ಹೊಡೆತ ಯಾರಿಗೆ?

ಆನ್‌ಲೈನ್ ಪಾಠ ಒಳ್ಳೆಯದೋ, ತರಗತಿಯ ಪಾಠವೋ? ಬರೀ ಅಂಕಪಟ್ಟಿ ನೋಡಿ ತೀರ್ಮಾನಿಸಲು ಬರುವುದಿಲ್ಲ. ಆನ್‌ಲೈನ್ ಕೋರ್ಸಿಗೆ ಸೇರುವವರಲ್ಲಿ ದುಡಿಯುತ್ತ ಓದುವವರಿರುತ್ತಾರೆ, ದೂರದ ಊರಿನವರಿರುತ್ತಾರೆ. ಅವರಿಗೆ ಅಂಕ ಕಡಿಮೆ ಬಂದರೆ ಕಾರಣ ಪಾಠವೋ ಪರಿಸ್ಥಿತಿಯೋ ಗೊತ್ತಾಗದು.

ಈ ತೊಡಕನ್ನು ಬಿಡಿಸಿದ ಪ್ರಯೋಗವೊಂದು 2020ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ನಡೆಯಿತು. ಅರ್ಥಶಾಸ್ತ್ರದ ಆರಂಭಿಕ ಕೋರ್ಸಿನ 551 ವಿದ್ಯಾರ್ಥಿಗಳಲ್ಲಿ ಯಾರಿಗೆ ತರಗತಿ, ಯಾರಿಗೆ ಆನ್‌ಲೈನ್ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಆನ್‌ಲೈನ್ ಗುಂಪಿನ ಅಂಕ ಸ್ವಲ್ಪ ಕುಸಿಯಿತು. ಆದರೆ ಕುಸಿತ ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಮೊದಲೇ ಓದಿನಲ್ಲಿ ಹಿಂದಿದ್ದವರಿಗೆ ಹೆಚ್ಚು ಪೆಟ್ಟು ಬಿತ್ತು. ಗಮನ ನಿಲ್ಲಲಿಲ್ಲ, ಅಧ್ಯಾಪಕರೂ ಸಹಪಾಠಿಗಳೂ ದೂರವೆನಿಸಿದರು ಎಂದು ಆನ್‌ಲೈನ್ ಗುಂಪಿನವರು ಹೇಳಿದರು.

ಬೇಡಿಕೆ–ಪೂರೈಕೆಯ ಪಾಠವನ್ನೇ ನೋಡಿ. ಬೇಡಿಕೆಯ ರೇಖೆ ಬಲಕ್ಕೆ ಸರಿಯುವ ಹೊತ್ತಿಗೆ ವಿದ್ಯಾರ್ಥಿಯ ಕಣ್ಣು ಮೊಬೈಲಿನತ್ತ ಹೋಯಿತು. ತಿರುಗಿ ನೋಡಿದರೆ ಬೆಲೆ ಏರಿದೆ, ಏಕೆಂದು ತಿಳಿಯದು. ತರಗತಿಯಲ್ಲಾದರೆ ಅವನ ಮುಖದ ಗೊಂದಲ ಕಂಡು ಮೇಷ್ಟ್ರು ಇನ್ನೊಮ್ಮೆ ಹೇಳುತ್ತಾರೆ, ಪಕ್ಕದವನ ನೋಟ್ಸ್ ಇರುತ್ತದೆ. ಕ್ಯಾಮೆರಾ ಆರಿಸಿ ಕೂತವನ ಗೊಂದಲ ಯಾರಿಗೂ ಕಾಣದು. ಚುರುಕಿನ ವಿದ್ಯಾರ್ಥಿ ತಾನೇ ಹಿಂದಕ್ಕೆ ಹೋಗಿ ಎಳೆ ಹಿಡಿಯುತ್ತಾನೆ. ಉಳಿದವನಿಗೆ ಮುಂದಿನದೆಲ್ಲ ಕಗ್ಗಂಟು.

ಹಾಗೆಂದು ತಪ್ಪೆಲ್ಲ ಪರದೆಯದಲ್ಲ. ಹಾರ್ವರ್ಡ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ನಿಮಿಷದ ಸಂಖ್ಯಾಶಾಸ್ತ್ರದ ವಿಡಿಯೊವನ್ನು ನಾಲ್ಕು ತುಂಡು ಮಾಡಿ, ಒಂದು ಗುಂಪಿಗೆ ಪ್ರತಿ ತುಂಡಿನ ಕೊನೆಗೂ ಪುಟ್ಟ ಪರೀಕ್ಷೆ ಕೊಟ್ಟರು. ಆ ಗುಂಪಿನಲ್ಲಿ ಮನಸ್ಸು ಅಲೆಯುವುದು ಸುಮಾರು ಅರ್ಧಕ್ಕಿಳಿಯಿತು, ನೋಟ್ಸ್ ಬರೆಯುವುದು ಹೆಚ್ಚಿತು, ಕೊನೆಯ ಪರೀಕ್ಷೆಯಲ್ಲೂ ಅವರೇ ಮುಂದೆ. ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದರೆ ಪರದೆಯ ಪಾಠವೂ ತಲೆಗೆ ಹತ್ತುತ್ತದೆ.

ನಮ್ಮಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯಿಂದ ರಾಯಚೂರಿನ ವಿದ್ಯಾರ್ಥಿಗೂ ಘನ ಪ್ರಾಧ್ಯಾಪಕರ ಪಾಠ ಸಿಗುತ್ತಿದೆ. ಇದು ಸಣ್ಣ ಸಂಗತಿಯಲ್ಲ. ಅದರ ಕೋರ್ಸುಗಳಲ್ಲಿ ವಾರವಾರದ ಅಸೈನ್‌ಮೆಂಟ್ ಇರುವುದೂ ಸರಿಯಾದ ಕ್ರಮವೇ. ಆದರೆ ಅಧ್ಯಾಪಕರಿಲ್ಲದ ಕಾಲೇಜು ವಿಡಿಯೊ ಲಿಂಕ್ ಕಳಿಸಿ ಕೈತೊಳೆದುಕೊಂಡರೆ, ಆಸರೆ ಹೆಚ್ಚು ಬೇಕಾದವರೇ ಮೊದಲು ಕೈಬಿಟ್ಟು ಹೋಗುತ್ತಾರೆ. ವಿಡಿಯೊ ಎಷ್ಟೇ ಚೆನ್ನಾಗಿರಲಿ, ಅನುಮಾನ ಕೇಳಲು ಎದುರಿಗೊಬ್ಬ ಮೇಷ್ಟ್ರು ಬೇಕು. ಆ ಖರ್ಚನ್ನು ಉಳಿಸುವ ಕಾಲೇಜು, ಹಿಂದಿರುವ ವಿದ್ಯಾರ್ಥಿಯ ಅಂಕದಲ್ಲಿ ಅದನ್ನು ವಸೂಲು ಮಾಡುತ್ತದೆ.