ಗಾಜಿನಾಚೆಯ ಕೂಸು

ಹೆರಿಗೆಯಾದ ಮನೆಯೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ತಾಯಿಯ ಮಗ್ಗುಲಲ್ಲಿ ಮಲಗಿದ ಕೂಸು. ಆದರೆ ದಿನ ತುಂಬುವ ಮೊದಲೇ ಹುಟ್ಟಿದ, ಇಲ್ಲವೆ ಹುಟ್ಟಿದೊಡನೆ ಉಸಿರಿಗೆ ಕಷ್ಟಪಟ್ಟ ಮಗು ಆ ಮಗ್ಗುಲಲ್ಲಿರುವುದಿಲ್ಲ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿರುತ್ತದೆ. ಬಾಣಂತಿ ಒಂದು ಕೊಠಡಿಯಲ್ಲಿ, ಕೂಸು ಇನ್ನೊಂದರಲ್ಲಿ, ನಡುವೆ ಓಡಾಡುವ ತಂದೆ. ನೋಡಲು ಬಂದ ನೆಂಟರು ‘ಮಗು ಎಲ್ಲಿ?’ ಎನ್ನುತ್ತಾರೆ. ಆ ಸಾಧಾರಣ ಪ್ರಶ್ನೆಗೆ ಉತ್ತರ ಹೇಳುವುದೇ ದಂಪತಿಗಳಿಗೆ ಮೊದಲ ಪರೀಕ್ಷೆ. ಅಂಥವರು ಆ ದಿನಗಳನ್ನು ದಾಟುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಭಯದ ಬಹುಭಾಗ ಅಜ್ಞಾತದ್ದು. 37 ವಾರ ತುಂಬದೆ ಹುಟ್ಟಿದ್ದು ಅಕಾಲ ಶಿಶು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಕಾಯುವ ದ್ರವ್ಯವೊಂದುಂಟು. ಬಹು ಬೇಗ ಹುಟ್ಟಿದ ಮಗುವಿನಲ್ಲಿ ಅದು ಸಾಕಷ್ಟಿರುವುದಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಐದೂವರೆ ವಾರ ಮುಂಚೆ ಹುಟ್ಟಿ, ಉಸಿರಾಟದ ಇದೇ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ. 1980ರಲ್ಲಿ ಜಪಾನಿನ ಫುಜಿವಾರ ಮತ್ತು ಸಂಗಡಿಗರು ಆ ದ್ರವ್ಯವನ್ನು ಶ್ವಾಸನಾಳದ ಮೂಲಕ ಕೊಟ್ಟು ಫಲ ಕಂಡರು. ಅಧ್ಯಕ್ಷನ ಮಗನಿಗೆ ಅಂದು ದೊರೆಯದ ಚಿಕಿತ್ಸೆ ಇಂದು ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ.

ಅಲ್ಲಿನ ಯಂತ್ರಗಳನ್ನೂ ಅರಿತುಕೊಳ್ಳುವುದು ಒಳ್ಳೆಯದು. ಗಂಟೆ ಬಾರಿಸಿದಾಗಲೆಲ್ಲ ಅಪಾಯವೆಂದಲ್ಲ; ಎಷ್ಟೋ ಸಲ ಕಾಲಿಗೆ ಕಟ್ಟಿದ ತಂತಿ ಸಡಿಲಾಗಿರುತ್ತದೆ. ಸುಮಾರು 34 ವಾರಕ್ಕೆ ಮುಂಚಿನ ಶಿಶು ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಲಾರದು. ಆದ್ದರಿಂದ ನಳಿಕೆಯಲ್ಲಿ ಹಾಲು. ನೀಲಿ ಬೆಳಕು ಕಾಮಾಲೆಗೆ. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ. ಇಷ್ಟು ತಿಳಿದವರಿಗೆ ಯಂತ್ರಗಳ ಕಾಡು ಸ್ವಲ್ಪ ತೆರವಾದೀತು.

ಇನ್ನು, ತಂದೆತಾಯಿಯರ ಸ್ಥಾನವೇನು? ಸೋಂಕಿನ ಅಂಜಿಕೆಯಿಂದ ಅವರನ್ನು ಗಾಜಿನ ಹೊರಗೆ ನಿಲ್ಲಿಸುವುದೇ ಬಹುಕಾಲದ ರೂಢಿಯಾಗಿತ್ತು. 1978ರಲ್ಲಿ ಕೊಲಂಬಿಯದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಬೇರೊಂದು ದಾರಿ ಹಿಡಿದರು. ಅಲ್ಲಿ ಇನ್‌ಕ್ಯುಬೇಟರುಗಳ ಕೊರತೆ. ಅವರು ಶಿಶುವನ್ನು ತಾಯಿಯ ಬರಿಯ ಎದೆಗೆ ಅಪ್ಪಿಸಿ ಕಟ್ಟಿದರು. ಇದೇ ಕಾಂಗರೂ ಆರೈಕೆ. ಬಡತನದಲ್ಲಿ ಹುಟ್ಟಿದ ಈ ಉಪಾಯ ಮುಂದೆ ಶಾಸ್ತ್ರದ ಮನ್ನಣೆ ಪಡೆಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ಈ ಅಪ್ಪುಗೆ ದೊರೆತ ಕಡಿಮೆ ತೂಕದ ಮಕ್ಕಳಲ್ಲಿ, ಮೊದಲು ಸ್ಥಿತಿ ಸುಧಾರಿಸಲೆಂದು ಕಾದ ಮಕ್ಕಳಿಗಿಂತ, ಮರಣ ಸುಮಾರು ನಾಲ್ಕರಲ್ಲೊಂದು ಪಾಲು ಕಡಿಮೆಯಾಗಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಪದ್ಧತಿಯನ್ನು ವ್ಯಾಪಕವಾಗಿ ಆಚರಣೆಗೆ ತರುವ ಪ್ರಯೋಗ ನಡೆದಿದೆ. ತಂದೆತಾಯಿಯರನ್ನು ಘಟಕದೊಳಗೆ ಕರೆದು ಶುಶ್ರೂಷೆ ಕಲಿಸಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿತು. ಆದ್ದರಿಂದ ‘ನಾವು ಒಳಗೆ ಬರಬಹುದೇ? ಮಗುವನ್ನು ಎದೆಗಪ್ಪಿಕೊಳ್ಳಬಹುದೇ?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಈ ಕೆಲಸ ತಂದೆಯ ಎದೆಯಿಂದಲೂ ಆದೀತು. ಹಿಂಡಿ ಕೊಟ್ಟ ತಾಯಿಯ ಹಾಲು, ಅದು ಕೆಲವು ಹನಿಯೇ ಆಗಿರಲಿ, ಕರುಳಿನ ಸೋಂಕಿನಿಂದ ರಕ್ಷಿಸುವ ಔಷಧವೇ ಸರಿ.

ತಾಯಿಯನ್ನು ಒಳಗೊಳಗೇ ಸುಡುವುದು ಅಪರಾಧಭಾವ. ‘ಕೊಡ ಎತ್ತಿದೆನೇ? ಗ್ರಹಣದಲ್ಲಿ ಹೊರಗೆ ಹೋದೆನೇ?’ ಎಂದು ಆಕೆ ತನ್ನನ್ನೇ ವಿಚಾರಣೆಗೆ ಗುರಿಮಾಡಿಕೊಳ್ಳುತ್ತಾಳೆ. ಅಕಾಲ ಪ್ರಸವಗಳಲ್ಲಿ ಎಷ್ಟಕ್ಕೋ ವೈದ್ಯರಿಗೇ ಕಾರಣ ಸಿಗುವುದಿಲ್ಲ. ಮನೆಯ ಹಿರಿಯರು ಈ ಮಾತನ್ನು ಆಕೆಗೆ ಮತ್ತೆ ಮತ್ತೆ ಹೇಳಬೇಕು. ವಾರಗಳು ಕಳೆದರೂ ನಿದ್ದೆ ಬಾರದೆ, ಯಾವುದರಲ್ಲಿಯೂ ಮನಸ್ಸಿಲ್ಲದೆ ಇದ್ದರೆ ಅದನ್ನು ‘ಬಾಣಂತಿಯ ಬೇಸರ’ವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಹಣದ, ಔಷಧದ ಓಡಾಟದಲ್ಲಿ ತಂದೆಗೆ ಅಳಲೂ ಬಿಡುವಿರುವುದಿಲ್ಲ. ಗಟ್ಟಿಯಾಗಿ ನಿಂತವನಿಗೆ ದುಃಖವಿಲ್ಲವೆಂದು ಬಗೆಯಬಾರದು. ನೆಂಟರು ದಿನಾ ತೂಕ ವಿಚಾರಿಸುವ ಬದಲು ಒಂದು ಬುತ್ತಿ ಅನ್ನ ತಂದುಕೊಟ್ಟರೆ ಅದು ದೊಡ್ಡ ಉಪಕಾರ.

ಎಲ್ಲ ಕೂಸುಗಳೂ ಮನೆಗೆ ಬರುವುದಿಲ್ಲ. ಇದನ್ನು ಮರೆಮಾಚುವುದು ಸಲ್ಲದು. ಹೋದ ಮಗುವನ್ನು ಕಡೆಗೊಮ್ಮೆ ಎತ್ತಿಕೊಳ್ಳಬೇಕೆಂದು ತಾಯಿ ಬಯಸಿದರೆ ತಡೆಯಬಾರದು. ಮೂರೇ ದಿನದ್ದಾದರೂ ಅದು ಆಕೆಯ ಮಗು. ‘ಇನ್ನೊಂದಾಗುತ್ತದೆ ಬಿಡು’ ಎಂಬುದು ಸಮಾಧಾನದ ಮಾತಲ್ಲ.

ಮನೆಗೆ ಬಂದ ಮಕ್ಕಳ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಬೆಳವಣಿಗೆಯನ್ನು ಅಳೆಯಬೇಕು. ಎರಡು ತಿಂಗಳು ಮುಂಚೆ ಬಂದ ಮಗು ಪಕ್ಕದ ಮನೆಯ ಮಗುವಿಗಿಂತ ಎರಡು ತಿಂಗಳು ತಡವಾಗಿ ಕುಳಿತರೆ ಅದು ತಡವಲ್ಲ. ತೀರ ಬೇಗ ಹುಟ್ಟಿದವರಿಗೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ತಪ್ಪಬಾರದು. ಉಳಿದಂತೆ ಬೇಕಾದದ್ದು ಎದೆಯ ಬಿಸುಪು, ತಾಯಿಯ ಹಾಲು, ಮತ್ತು ಅವಸರಪಡದ ಮನೆ.