ಪಿಡಿಎಫ್‌ನಲ್ಲಿ ಕನ್ನಡ: ಕಂಡರಷ್ಟೇ ಸಾಲದು

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪಿಡಿಎಫ್ ಒಂದನ್ನು ತೆರೆದು, ‘ಕನ್ನಡ’ ಎಂಬ ಪದವನ್ನು ಕಾಪಿ ಮಾಡಿ ವಾಟ್ಸ್ಯಾಪ್‌ಗೆ ಅಂಟಿಸಿ ನೋಡಿ. ಅಲ್ಲಿ ಸಾಮಾನ್ಯವಾಗಿ ಮೂಡುವುದು ಏಳು ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೀಟು ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ‘ಎ’, ಜರ್ಮನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಅದೇ ‘ಎ’. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡವೇ ಇತ್ತಲ್ಲ, ಇದೆಲ್ಲಿಂದ ಬಂತು? ಅದು ಮೊದಲಿನಿಂದಲೂ ಅಲ್ಲೇ ಇತ್ತು. ಕಂಪ್ಯೂಟರಿನಲ್ಲಿ ಒಂದು ಫಾಂಟಿಗೆ 256 ಮನೆಗಳಷ್ಟೇ ಇದ್ದ ಕಾಲದಲ್ಲಿ, ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿ ಕೆಲಸ ಸಾಗಿಸಿದರು. ಆ ಕಾಲಕ್ಕೆ ಅದು ಜಾಣ ಉಪಾಯವೇ. ಕನ್ನಡದ ಡಿಟಿಪಿ ಉದ್ಯಮ ನಿಂತದ್ದೇ ಅದರ ಮೇಲೆ. ಆದರೆ ಕಡತದ ಒಳಗೆ ಉಳಿದಿರುವುದು ಕನ್ನಡವಲ್ಲ, ಕನ್ನಡದ ಆಕಾರ ಮಾತ್ರ. ಪಿಡಿಎಫ್‌ನಲ್ಲಿ ಫಾಂಟಿನ ನಿರ್ವಹಣೆ ಎಂದರೆ ಆಕಾರ, ಅಕ್ಷರ ಎರಡನ್ನೂ ಒಟ್ಟಿಗೆ ಕಾಯುವ ಕೆಲಸ. ನಮ್ಮಲ್ಲಿ ಆಕಾರವನ್ನಷ್ಟೇ ಕಾಯ್ದು, ಅಕ್ಷರವನ್ನು ಕೈಬಿಡುವುದು ರೂಢಿಯಾಗಿಬಿಟ್ಟಿದೆ.

ಪಿಡಿಎಫ್ ಹುಟ್ಟಿದ್ದೇ ಆಕಾರ ಕಾಯಲು. ಅಡೋಬಿ ಸಂಸ್ಥೆಯ ಸಹಸ್ಥಾಪಕ ಜಾನ್ ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಯೋಜನೆಯ ಟಿಪ್ಪಣಿ ಬರೆದರು. ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕೊಟ್ಟರೂ ದಾಖಲೆ ಒಂದೇ ಥರ ಕಾಣಬೇಕು ಎಂಬುದು ಅವರ ಗುರಿ. 1993ರಲ್ಲಿ ಪಿಡಿಎಫ್ ಬಿಡುಗಡೆಯಾಯಿತು, 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಒಂದೇ ಥರ ಕಾಣಬೇಕಾದರೆ ಬಳಸಿದ ಫಾಂಟು ಕಡತದ ಜೊತೆಯಲ್ಲೇ ಹೋಗಬೇಕು. ಇದನ್ನೇ ಎಂಬೆಡ್ ಮಾಡುವುದು ಎನ್ನುತ್ತಾರೆ. ಆದರೆ ಫ್ಲಾಪಿಯಲ್ಲಿ 1.44 ಎಂಬಿಯಷ್ಟೇ ಹಿಡಿಸುತ್ತಿದ್ದ ದಿನಗಳವು. ಹಾಗಾಗಿ 14 ಫಾಂಟುಗಳಿಗೆ ವಿನಾಯಿತಿ ಸಿಕ್ಕಿತು: ಟೈಮ್ಸ್, ಹೆಲ್ವೆಟಿಕಾ, ಕೊರಿಯರ್‌ಗಳ ನಾಲ್ಕು ನಾಲ್ಕು ರೂಪಗಳು, ಜೊತೆಗೆ ಚಿಹ್ನೆಗಳ ಎರಡು ಫಾಂಟು. ಇವು ಓದುಗನ ಯಂತ್ರದಲ್ಲಿ ಹೇಗೂ ಇರುತ್ತವೆ ಎಂಬ ಭರವಸೆಯ ಮೇಲೆ ಕಡತದಿಂದ ಬಿಡಬಹುದಿತ್ತು. ಆ ಹದಿನಾಲ್ಕರಲ್ಲಿ ಭಾರತದ ಯಾವ ಲಿಪಿಗೂ ಜಾಗವಿರಲಿಲ್ಲ. ಇಂಗ್ಲಿಷ್ ಕಡತದಲ್ಲಿ ಫಾಂಟು ಬಿಟ್ಟುಹೋದರೆ ತಂತ್ರಾಂಶ ಬದಲಿ ಫಾಂಟು ಹಾಕಿ ಹೇಗೋ ಓದಿಸುತ್ತದೆ, ಅಂದ ಕೆಡಬಹುದು, ಅಷ್ಟೆ. ನಮ್ಮ ಕಡತದಲ್ಲಿ ಬಿಟ್ಟುಹೋದರೆ ಖಾಲಿ ಚೌಕಗಳೋ ಮೇಲೆ ಹೇಳಿದ ಪೌಂಡ್ ಗುರುತುಗಳೋ ಉಳಿಯುತ್ತವೆ. ಕನ್ನಡಕ್ಕೆ ಎಂಬೆಡ್ ಮಾಡುವುದು ಐಚ್ಛಿಕವಲ್ಲ ಎನ್ನುವುದು ಇದೇ ಕಾರಣಕ್ಕೆ.

ಫಾಂಟು ಸೇರಿಸಿದರೆ ಕಡತ ಭಾರವಾಗುತ್ತದೆ ಎಂಬ ಹಳೆಯ ಆಕ್ಷೇಪ ಇನ್ನೂ ಕೇಳಿಬರುತ್ತದೆ. ಕನ್ನಡ ಫಾಂಟಿನಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರಗಳಿರುವುದು ನಿಜ. ಆದರೆ ಇಡೀ ಫಾಂಟನ್ನು ಸೇರಿಸಬೇಕಾಗಿಲ್ಲ. ದಾಖಲೆಯಲ್ಲಿ ಬಳಕೆಯಾದ ಆಕಾರಗಳನ್ನಷ್ಟೇ ಆರಿಸಿ ಸೇರಿಸುವ ವ್ಯವಸ್ಥೆ ಇದೆ, ಅದಕ್ಕೆ ಸಬ್‌ಸೆಟ್ ಎಂದು ಹೆಸರು. ಫಾಂಟಿನ ಹೆಸರಿಗೆ ಮೊದಲು ಆರು ಇಂಗ್ಲಿಷ್ ದೊಡ್ಡಕ್ಷರ ಮತ್ತು ಕೂಡು ಚಿಹ್ನೆ ಕಂಡರೆ ಅದು ಸಬ್‌ಸೆಟ್ ಎಂದು ತಿಳಿಯಬೇಕು. ಇದರಿಂದ ಹೆಚ್ಚುವ ತೂಕ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ಮುಂದೆ ಲೆಕ್ಕಕ್ಕೇ ಬಾರದು. ಹಕ್ಕಿನ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಫಾಂಟು ತಯಾರಿಸಿದವರು ಅದರೊಳಗೇ ಒಂದು ಗುರುತು ಇಟ್ಟಿರುತ್ತಾರೆ: ಎಂಬೆಡ್ ಮಾಡಬಹುದೇ, ನೋಡಲು ಮತ್ತು ಮುದ್ರಿಸಲು ಮಾತ್ರವೇ, ತಿದ್ದಲೂ ಬಹುದೇ, ಅಥವಾ ಕೂಡದೇ ಕೂಡದೇ. ‘ಕೂಡದು’ ಎಂಬ ಗುರುತಿದ್ದರೆ ಪಿಡಿಎಫ್ ಮಾಡುವ ತಂತ್ರಾಂಶ ಸಾಮಾನ್ಯವಾಗಿ ಆ ಫಾಂಟನ್ನು ಕೈಬಿಡುತ್ತದೆ. ದುಡ್ಡು ಕೊಟ್ಟು ಕೊಂಡ ಫಾಂಟಾದರೂ ಈ ಷರತ್ತನ್ನು ಕೆಲಸ ಶುರುವಾಗುವ ಮೊದಲೇ ನೋಡಿಕೊಳ್ಳಬೇಕು. ನೋಟೊ, ಬಾಲೂ ತಮ್ಮ ಮುಂತಾದ ಮುಕ್ತ ಪರವಾನಗಿಯ ಫಾಂಟುಗಳಿರುವಾಗ ಈ ತೊಡಕಿಗೆ ಸಿಲುಕಿಕೊಳ್ಳುವ ಅಗತ್ಯವೂ ಕಡಿಮೆಯಾಗಿದೆ.

ಇಷ್ಟಕ್ಕೇ ಕೆಲಸ ಮುಗಿಯಿತು ಎಂದುಕೊಳ್ಳುವಲ್ಲಿಯೇ ತಪ್ಪುತ್ತೇವೆ. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆದು, ಫಾಂಟು ಎಂಬೆಡ್ ಮಾಡಿದ ಕಡತದಲ್ಲೂ ‘ಅಕ್ಕಿ’ ಎಂಬ ಪುಟ್ಟ ಪದ ಕೆಡಬಹುದು. ಬರೆಯುವಾಗ ಅದು ಐದು ಸಂಕೇತಗಳು: ಅ, ಕ, ಹಲಂತ, ಇನ್ನೊಂದು ಕ, ಗುಡಿಸು. ಪುಟದ ಮೇಲೆ ಅದು ಮೂರು ಆಕಾರಗಳು: ಅ, ಕಿ, ಕೆಳಗೆ ಕ ಒತ್ತು. ಪಿಡಿಎಫ್ ಮುಖ್ಯವಾಗಿ ನೆನಪಿಟ್ಟುಕೊಳ್ಳುವುದು ಆಕಾರಗಳ ಕ್ರಮಸಂಖ್ಯೆಯನ್ನೂ ಪುಟದಲ್ಲಿ ಅವುಗಳ ಜಾಗವನ್ನೂ. ಯಾವ ಆಕಾರ ಯಾವ ಅಕ್ಷರ ಎಂದು ಹೇಳಲು ‘ಟುಯೂನಿಕೋಡ್’ ಎಂಬ ಪಟ್ಟಿಯೊಂದನ್ನು ಜೊತೆಗಿಡಬೇಕು. ಪಟ್ಟಿ ಇಲ್ಲದಿದ್ದರೆ ಕಾಪಿ ಮಾಡಿದಾಗ ಏನೇನೋ ಬರುತ್ತದೆ. ಪಟ್ಟಿ ಇದ್ದರೂ ಕಣ್ಣಿಗೆ ಕಾಣುವ ಕ್ರಮದಲ್ಲೇ ಹೆಕ್ಕಿದರೆ ಗುಡಿಸು ಮೊದಲಾಗಿ ಒತ್ತು ಹಿಂದಾಗಿ ‘ಅಕಿ್ಕ’ ಆಗುತ್ತದೆ. ಅರ್ಕಾವತ್ತು ಪುಟದಲ್ಲಿ ಅಕ್ಷರದ ನಂತರ ಬರುವುದರಿಂದ ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ. ಇದಕ್ಕೂ ಪಿಡಿಎಫ್‌ನಲ್ಲೇ ಮದ್ದಿದೆ: ಪದದ ಅಥವಾ ಸಾಲಿನ ನಿಜವಾದ ಪಠ್ಯವನ್ನು ‘ಆಕ್ಚುವಲ್‌ಟೆಕ್ಸ್ಟ್’ ಎಂಬ ಗುರುತಿನಲ್ಲಿ ಆಕಾರಗಳ ಬೆನ್ನಿಗೇ ಕಟ್ಟಿಡಬಹುದು. ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ತಾವಾಗಿ ಮಾಡುವುದಿಲ್ಲ. ಆಕಾರಗಳೂ ಸಂಕೇತಗಳೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದುವ ಇಂಗ್ಲಿಷಿಗೆ ಈ ತೊಂದರೆ ವಿರಳ.

‘ಕಣ್ಣಿಗೆ ಕಂಡರೆ, ಪ್ರಿಂಟು ಸರಿಯಾಗಿ ಬಂದರೆ ಸಾಕಲ್ಲ’ ಎಂದು ಕೇಳುವವರಿದ್ದಾರೆ. ಮದುವೆಯ ಕರೆಯೋಲೆಗೆ ಸಾಕು. ಸರ್ಕಾರಿ ಆದೇಶಕ್ಕೆ, ಪಠ್ಯಪುಸ್ತಕಕ್ಕೆ, ಪಿಎಚ್‌ಡಿ ಪ್ರಬಂಧಕ್ಕೆ ಖಂಡಿತ ಸಾಲದು. ದೃಷ್ಟಿಯಿಲ್ಲದ ವಿದ್ಯಾರ್ಥಿ ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿ ಕೂತಿರುತ್ತಾನೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಈಗ ಕನ್ನಡವನ್ನೂ ಓದಬಲ್ಲದು. ಆದರೆ ಹಳೆಯ ಫಾಂಟಿನ ಪಿಡಿಎಫ್ ಕೊಟ್ಟರೆ ಅದು ‘ಪಿ, ಎ, ಪೌಂಡ್’ ಎಂದೇ ಓದಬೇಕು, ಅದಕ್ಕೆ ಸಿಗುವುದು ಅಷ್ಟೇ. ಪಕ್ಕದಲ್ಲಿ ಕೂತವನ ಪಾಲಿಗೆ ಪಾಠವಾಗಿರುವ ಪುಟ ಅವನ ಪಾಲಿಗೆ ಬರೀ ಗದ್ದಲ. ಇದನ್ನು ತಾಂತ್ರಿಕ ಕೊರತೆ ಎಂದು ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ, ಇದು ಅನ್ಯಾಯ. ಕಣ್ಣಿರುವವರಿಗೂ ನಷ್ಟ ಕಡಿಮೆಯೇನಲ್ಲ. ಮುನ್ನೂರು ಪುಟದ ವರದಿಯಲ್ಲಿ ತನ್ನೂರಿನ ಹೆಸರು ಹುಡುಕುವ ರೈತನಿಗೆ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಹೆಸರು ಮಾತ್ರ ಅಲ್ಲೇ ಇರುತ್ತದೆ.

ಮುದ್ರಣಾಲಯಗಳ ಕಡೆಯಿಂದ ಬರುವ ವಾದ ಬೇರೆ. ಫಾಂಟಿನ ರಗಳೆಯೇ ಬೇಡವೆಂದು ‘ಕರ್ವ್ ಮಾಡಿ ಕೊಡಿ’ ಎನ್ನುತ್ತಾರೆ. ಅಂದರೆ ಅಕ್ಷರಗಳನ್ನೆಲ್ಲ ಗೆರೆಗಳ ಚಿತ್ರವಾಗಿ ಬದಲಿಸಿ ಕೊಡುವುದು. ಅಚ್ಚಿಗೆ ಹೋಗುವ ಪ್ರತಿಗೆ ಇದು ಒಪ್ಪುವ ಮಾತು, ಪ್ಲೇಟು ಕೆಡುವ ಭಯ ಇಲ್ಲವಾಗುತ್ತದೆ. ಆದರೆ ಓದುಗರಿಗೆ ಹಂಚಲೂ ಅದೇ ಪ್ರತಿಯನ್ನು ಏರಿಸಿದರೆ ಅದರಲ್ಲಿ ಅಕ್ಷರವೆಂಬುದೇ ಇರುವುದಿಲ್ಲ. ಸಹಿ ಹಾಕಿದ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕುವ ಕಚೇರಿಗಳದ್ದೂ ಇದೇ ಕಥೆ. ಡಿಜಿಟಲ್ ಸಹಿ ಇರುವಾಗ ಅದರ ಅಗತ್ಯ ಎಷ್ಟಿದೆಯೋ ಅವರೇ ಯೋಚಿಸಬೇಕು. ಓಸಿಆರ್ ಇದೆಯಲ್ಲ, ಯಂತ್ರವೇ ಚಿತ್ರ ನೋಡಿ ಓದಿಕೊಳ್ಳುತ್ತದೆ ಎಂಬ ಸಮಾಧಾನವೂ ಇದೆ. ಟೆಸೆರಾಕ್ಟ್‌ನಂಥ ತಂತ್ರಾಂಶಗಳು ಕನ್ನಡವನ್ನು ಗುರುತಿಸುತ್ತವೆ, ಹಳೆಯ ಪುಸ್ತಕಗಳಿಗೆ ಅದೇ ದಾರಿ. ಆದರೂ ಅರ್ಕಾವತ್ತಿಗೂ ಒಂಬತ್ತರ ಅಂಕಿಗೂ ರೂಪ ಬಹಳ ಹತ್ತಿರ, ಒತ್ತುಗಳು ಪುಟಾಣಿ. ಕಂಪ್ಯೂಟರಿನಲ್ಲೇ ಟೈಪಾದ ಪಠ್ಯವನ್ನು ಅಳಿಸಿ ಚಿತ್ರ ಮಾಡಿ, ಆಮೇಲೆ ಆ ಚಿತ್ರದಿಂದ ಪಠ್ಯವನ್ನು ಊಹಿಸುವುದಕ್ಕೆ ಅರ್ಥವಿಲ್ಲ. ಹಳೆಯ ಪೇಜ್‌ಮೇಕರ್ ಬಿಡಲಾಗದು ಎಂಬ ಡಿಟಿಪಿಯವರ ಕಷ್ಟ ಮಾತ್ರ ನಿಜವಾದದ್ದು, ಕೈಗೆ ಹತ್ತಿದ ಕೆಲಸವನ್ನು ಹೊಸದಾಗಿ ಕಲಿಯುವುದು ಸುಲಭವಲ್ಲ. ಆದರೆ ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಇಂದಿನ ಇನ್‌ಡಿಸೈನ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕೂಡ.

ಕಡತ ಸರಿಯಿದೆಯೇ ಎಂದು ತಿಳಿಯಲು ತಜ್ಞರು ಬೇಕಿಲ್ಲ. ಅಡೋಬಿ ರೀಡರ್‌ನಲ್ಲಿ ಕಡತದ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ವಿಭಾಗ ನೋಡಿದರೆ ಪ್ರತಿ ಫಾಂಟಿನ ಮುಂದೆ ಎಂಬೆಡ್ ಆಗಿದೆಯೇ ಎಂದು ಬರೆದಿರುತ್ತದೆ. ‘ಪಿಡಿಎಫ್‌ಫಾಂಟ್ಸ್’ ಎಂಬ ಉಚಿತ ಸಾಧನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಕ್ಷರಪಟ್ಟಿ ಇದೆಯೇ ಎಂಬುದನ್ನೂ ‘ಯೂನಿ’ ಎಂಬ ಕಾಲಮ್ಮಿನಲ್ಲಿ ಹೇಳುತ್ತದೆ. ಒತ್ತು ಮತ್ತು ಅರ್ಕಾವತ್ತು ಎರಡೂ ಇರುವ ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಉಳಿದದ್ದು ಗೊತ್ತಾಗುತ್ತದೆ. ಬಹುಕಾಲ ಉಳಿಯಬೇಕಾದ ದಾಖಲೆಗಳಿಗಾಗಿ 2005ರಲ್ಲಿ ಪಿಡಿಎಫ್/ಎ ಎಂಬ ಮಾನಕ ಬಂದಿದೆ, ಅದರಲ್ಲಿ ಕಾಣುವ ಪ್ರತಿ ಫಾಂಟೂ ಎಂಬೆಡ್ ಆಗಿರಲೇಬೇಕು. ಅದರ ‘ಯು’ ಹಂತದಲ್ಲಿ ಯೂನಿಕೋಡ್ ನಂಟೂ ಕಡ್ಡಾಯ. ಪುಸ್ತಕ ಅಚ್ಚಿಗೆ ಕೊಡುವ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಡಿಟಿಪಿ ಕರಾರಿನಲ್ಲೇ ಈ ಹಂತವನ್ನು ಬರೆಸಬಹುದು. ಜೊತೆಗೆ ಮೂಲ ಕಡತವನ್ನೂ ಕೇಳಿ ಪಡೆಯಬೇಕು.

ಈಗಾಗಲೇ ರಾಶಿ ಬಿದ್ದಿರುವ ಹಳೆಯ ಪಿಡಿಎಫ್‌ಗಳೂ ಪೂರ್ತಿ ಕೈತಪ್ಪಿಲ್ಲ. ನುಡಿ, ಬರಹ ಫಾಂಟುಗಳಲ್ಲಿ ಯಾವ ಸಂಕೇತಕ್ಕೆ ಯಾವ ಆಕಾರ ಎಂಬುದು ತಿಳಿದ ವಿಷಯ, ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳೂ ಇವೆ. ಕಡತದೊಳಗೆ ಫಾಂಟು ತನ್ನ ಹೆಸರಿನೊಂದಿಗೆ ಉಳಿದಿದ್ದರೆ ಯಾವ ಪರಿವರ್ತಕ ಬಳಸಬೇಕೆಂದು ಆ ಹೆಸರೇ ಹೇಳುತ್ತದೆ. ಕರ್ವ್ ಮಾಡಿದ ಮತ್ತು ಸ್ಕ್ಯಾನ್ ಮಾಡಿದ ಕಡತಗಳಿಗೆ ಈ ದಾರಿಯಿಲ್ಲ. ಹಾಗಾಗಿ ಯಾವುದೇ ಸಂಸ್ಥೆ ತನ್ನ ಹಳೆಯ ಕಡತಗಳನ್ನು ವಿಂಗಡಿಸಲು ಕೂತರೆ ಫಾಂಟು ಎಂಬೆಡ್ ಆಗಿರುವವನ್ನು ಮೊದಲು ಎತ್ತಿಕೊಳ್ಳಬೇಕು. ಓಸಿಆರ್ ಮತ್ತು ಕರಡು ತಿದ್ದುವವರ ದುಡಿಮೆಯನ್ನು ಉಳಿದವಕ್ಕೆ ಮೀಸಲಿಡಬಹುದು.