ಒರೆಯ ಅಂಚಿಗೆ ಬಾರಿನ ಹೆಣಿಗೆ

ಹಳೆಯ ಚರ್ಮದ ಪರ್ಸೊಂದರ ಅಂಚನ್ನು ಬೆರಳಿನಿಂದ ಸವರಿ ನೋಡಿ. ಮೈ ಇನ್ನೂ ಗಟ್ಟಿಯಾಗಿರುತ್ತದೆ, ಅಂಚು ಮಾತ್ರ ನಾರುನಾರಾಗಿ ಬಾಯಿ ಬಿಟ್ಟಿರುತ್ತದೆ. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಬಲೆ. ಮೇಲ್ಪದರದಲ್ಲಿ ಈ ಎಳೆಗಳು ಸಣ್ಣಗೆ, ಒತ್ತೊತ್ತಾಗಿರುವುದರಿಂದ ನೀರು ಸುಲಭಕ್ಕೆ ಇಳಿಯದು. ಕತ್ತಿ ಹಾಯ್ದ ಕಡೆ ಎಳೆಗಳ ತುದಿಗಳೆಲ್ಲ ಬಯಲಿಗೆ ಬೀಳುತ್ತವೆ. ಬೆವರು, ಮಳೆನೀರು ಒಳಹೊಗುವುದು ಅಲ್ಲಿಂದಲೇ.

ಪಿಸ್ತೂಲಿನ ಒರೆಗೆ ಈ ತೊಂದರೆ ಇನ್ನೂ ಹೆಚ್ಚು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಪಶ್ಚಿಮ ಪ್ರಾಂತ್ಯದ ಸವಾರರು ಸೊಂಟಕ್ಕೆ ಕಟ್ಟುತ್ತಿದ್ದ 1873ರ ಮಾದರಿಯ ಕೋಲ್ಟ್ ರಿವಾಲ್ವರ್ ಸುಮಾರು ಒಂದು ಕಿಲೋ ತೂಗುತ್ತದೆ. ಕುದುರೆಯ ಒಂದೊಂದು ಹೆಜ್ಜೆಗೂ ಆ ಭಾರ ಅಂಚಿನ ಹೊಲಿಗೆಯನ್ನು ಜಗ್ಗುತ್ತದೆ. ಗುರಿ ಹಿಡಿಯಲೆಂದು ನಳಿಗೆಯ ತುದಿಯಲ್ಲಿ ಎದ್ದು ನಿಂತ ಲೋಹದ ಮೊನೆ ಪ್ರತಿಸಲವೂ ಒಳಗಿನಿಂದ ದಾರವನ್ನು ಕೆರೆಯುತ್ತದೆ. ಅದಕ್ಕೇ ಎರಡು ಪದರಗಳ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಟ್ಟು ಹೊಲಿಯುತ್ತಾರೆ. ಕೆರೆತವನ್ನು ಆ ಪಟ್ಟಿ ತಿನ್ನುತ್ತದೆ, ದಾರ ಉಳಿಯುತ್ತದೆ. ಆಮೇಲೆ ಬಯಲಾದ ಅಂಚನ್ನು ಚರ್ಮದ ಬಾರಿನಿಂದಲೇ ಸುತ್ತಿ ಮುಚ್ಚುತ್ತಾರೆ.

ಬಾರು ಪೋಣಿಸಲು ದುಂಡು ತೂತು ಕೊರೆಯುವುದಿಲ್ಲ, ಚಪ್ಪಟೆ ಹಲ್ಲಿನ ಉಳಿಯಿಂದ ಸೀಳು ಹೊಡೆಯುತ್ತಾರೆ. ಈ ಕಸುಬಿನಲ್ಲಿ ನನಗೆ ತುಂಬ ಹಿಡಿಸಿದ ಜಾಣತನ ಇದು. ತೂತು ಕೊರೆದರೆ ಅಷ್ಟು ಚರ್ಮ ಹೋಯಿತೆಂದೇ ಲೆಕ್ಕ. ಸೀಳಿನಲ್ಲಿ ಏನೂ ಕಳೆದುಹೋಗುವುದಿಲ್ಲ. ಬಾರು ನುಸುಳಿದ ಮೇಲೆ ಸೀಳಿನ ತುಟಿಗಳು ಮತ್ತೆ ಕೂಡಿ ಬಾರನ್ನು ಬಿಗಿಹಿಡಿಯುತ್ತವೆ. ಸೀಳುಗಳು ತೀರ ಹತ್ತಿರವಾದರೆ ಮಾತ್ರ ಅಂಚೆಚೀಟಿಯ ಹಾಳೆಯಂತೆ ಇಡೀ ಅಂಚು ಕಿತ್ತು ಬರುತ್ತದೆ.

ಬಾರಿನ ಅಗಲ ಎರಡೂವರೆ ಮಿಲಿಮೀಟರಿನಷ್ಟು. ತೆಳು ದಾರ ಬಿಗಿದಾಗ ಚರ್ಮವನ್ನು ಕೊಯ್ಯುತ್ತದೆ, ಅಗಲದ ಬಾರು ಅದೇ ಎಳೆತವನ್ನು ಹರಡಿಬಿಡುತ್ತದೆ. ಕರುವಿನ ಚರ್ಮದ ಬಾರೂ ಉಂಟು, ಆದರೆ ಕಾಂಗರೂ ಚರ್ಮಕ್ಕೆ ಸಾಟಿಯಿಲ್ಲ. ದನದ ಚರ್ಮದಲ್ಲಿ ಎಳೆಗಳು ಓರೆಯಾಗಿ ಅಡ್ಡಾದಿಡ್ಡಿ ಹಾದಿರುತ್ತವೆ. ಹೆರೆದು ತೆಳ್ಳಗೆ ಮಾಡಿದಷ್ಟೂ ಅವು ತುಂಡಾಗುತ್ತ ಹೋಗುತ್ತವೆ. ಕಾಂಗರೂವಿನದರಲ್ಲಿ ಎಳೆಗಳು ಬಹುಪಾಲು ಮೇಲ್ಮೈಗೆ ಸಮಾನಾಂತರ. ಎಷ್ಟು ತೆಳುವಾದರೂ ಅದರ ಶಕ್ತಿ ಬಹಳ ಉಳಿಯುತ್ತದೆ.

ಸರಳ ಸುತ್ತಿನ ಹೆಣಿಗೆಗೆ ಅಂಚಿನ ಉದ್ದದ ಮೂರರಿಂದ ಮೂರೂವರೆ ಪಟ್ಟು ಬಾರು ಬೇಕು. ಒಂದು ಕುಣಿಕೆ ಇನ್ನೊಂದನ್ನು ಅದುಮಿ ಹಿಡಿಯುವ ಜೋಡಿ ಹೆಣಿಗೆಗೆ ಆರೇಳು ಪಟ್ಟು. ಅಂದರೆ 30 ಸೆಂಟಿಮೀಟರ್ ಅಂಚಿಗೆ ಎರಡು ಮೀಟರ್! ಇಡೀ ಬಾರನ್ನು ಒಮ್ಮೆಗೇ ಎಳೆದರೆ ಪ್ರತಿ ಸೀಳಿನಲ್ಲೂ ಉಜ್ಜಿ ಸವೆಯುತ್ತದೆ. ಹಾಗಾಗಿ ತುಂಡು ತುಂಡಾಗಿ ಪೋಣಿಸಿ, ತುದಿಗಳನ್ನು ಓರೆಯಾಗಿ ಹೆರೆದು ಅಂಟಿಸುತ್ತಾರೆ.

ಚರ್ಮವನ್ನು ಚರ್ಮದಿಂದಲೇ ಹೊಲಿಯುವುದು ನಮಗೆ ಹೊಸತಲ್ಲ. ಬೆಳಗಾವಿ ಜಿಲ್ಲೆಯ ಅಥಣಿಯ ಸುತ್ತ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ ಮೊಳೆಯಿಲ್ಲ, ಅಟ್ಟೆಯ ಪದರಗಳನ್ನು ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಅಲ್ಲೂ ಇಲ್ಲೂ ಬಳಸುವುದು ಗಿಡಮರಗಳ ಒಗರಿನಲ್ಲಿ ಹದ ಮಾಡಿದ ಚರ್ಮವನ್ನೇ.

ಹೆಣಿಗೆ ಮುಗಿದಾಗ ಗಂಟು ಹಾಕುವುದಿಲ್ಲ. ಬಾರಿನ ಕೊನೆಯನ್ನು ಎರಡು ಪದರಗಳ ನಡುವೆ ತೂರಿಸಿ, ಅಂಚಿನುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಸುತ್ತುಗಳು ಚಪ್ಪಟೆಯಾಗಿ ಪಕ್ಕಪಕ್ಕಕ್ಕೆ ಒತ್ತಿ ಕೂರುತ್ತವೆ. ಆಮೇಲೆ ಅವನ್ನು ಹಿಡಿದಿಡುವುದು ಘರ್ಷಣೆ ಒಂದೇ.